ಹೆಲ್ಮೆಟ್ ಹಾಕಿ, ಬಳೆ ತೆಗೆದು

ನನ್ನ ಸೈಕಲ್ಲಿನ ಸೀಟಿನ ಕೆಳಗೆ ಒಂದು ಪುಟ್ಟ ಚೀಲವಿದೆ. ಅದರಲ್ಲಿ ಒಂದು ಟ್ಯೂಬು, ಪಂಕ್ಚರ್ ಪ್ಯಾಚು, ಒಂದು ಸ್ಪ್ಯಾನರು, ಜೊತೆಗೆ ತೊಳೆದು ಒಣಗಿಸಿ ಮಡಚಿಟ್ಟ ಅರ್ಧ ಲೀಟರ್ ಹಾಲಿನ ಖಾಲಿ ಕವರು ಇರುತ್ತದೆ. ಹೊಸದಾಗಿ ನಮ್ಮ ಜೊತೆ ಬರುವವರು “ಇದ್ಯಾಕ್ರೀ?” ಎಂದು ನಗುತ್ತಾರೆ. ನಗಲಿ. ಮೊಣಕಾಲಿಗೆ, ಮೊಣಕೈಗೆ, ತಲೆಗೆ ಏನು ಹಾಕಿಕೊಳ್ಳಬೇಕೆಂದು ಅಂಗಡಿಯವನು ಹೇಳುತ್ತಾನೆ. ಈ ಕವರಿನ ವಿದ್ಯೆಯನ್ನು ನನಗೆ ಹೇಳಿಕೊಟ್ಟವರು ಜೀವಮಾನದಲ್ಲಿ ಒಮ್ಮೆಯೂ ಸೈಕಲ್ ಹತ್ತಿದವರಲ್ಲ. ನನ್ನ ಅತ್ತೆ, ಗಂಡನ ತಾಯಿ.

ಸೈಕಲ್ ಕೂಡ ಮೊದಲಿಗೆ ನನ್ನದಲ್ಲ. ಲಾಕ್‌ಡೌನ್ ಮುಗಿದ ಹೊಸದರಲ್ಲಿ ನನ್ನ ಗಂಡ ಹೊಟ್ಟೆ ಕರಗಿಸುತ್ತೇನೆಂದು ಶಪಥ ಮಾಡಿ ತಂದದ್ದು. ದಪ್ಪ ಟೈರಿನ, ಮುಂದೆ ಸ್ಪ್ರಿಂಗ್ ಇರುವ, ಕಲ್ಲುಮಣ್ಣಿನ ಗುಡ್ಡ ಹತ್ತಿ ಇಳಿಯುವ ಸೈಕಲ್. ಹನ್ನೊಂದು ದಿನ ತುಳಿದರು. ಹನ್ನೆರಡನೆಯ ದಿನದಿಂದ ಅದರ ಹ್ಯಾಂಡಲಿನ ಮೇಲೆ ಒದ್ದೆ ಟವೆಲ್ ಒಣಗತೊಡಗಿತು. ಹೊಟ್ಟೆ ಇದ್ದಲ್ಲೇ ಇತ್ತು. ಒಂದು ಭಾನುವಾರ ನಾನು ಟವೆಲ್ ಎತ್ತಿ ಹಗ್ಗದ ಮೇಲೆ ಹಾಕಿ, ಸೈಕಲ್ ತೆಗೆದುಕೊಂಡು ನಮ್ಮೂರು ಕೋಗಿಲಿನ ಬೀದಿಯಲ್ಲಿ ಒಂದು ಸುತ್ತು ಹೋಗಿ ಬಂದೆ. ನನಗಾಗ ನಲವತ್ತೆರಡು. ಹೈಸ್ಕೂಲ್ ಬಿಟ್ಟ ಮೇಲೆ ಅದೇ ಮೊದಲು. ಬಾಯಿ ತಾನಾಗಿಯೇ ನಗುತ್ತಿತ್ತು.

ಯಲಹಂಕದ ಒಂದು ಶಾಲೆಯ ಆಫೀಸಿನಲ್ಲಿ ನನಗೆ ಕೆಲಸ. ಅಲ್ಲಿ ಪಿ.ಟಿ. ಮೇಷ್ಟ್ರಾಗಿದ್ದು ನಿವೃತ್ತರಾದವರೊಬ್ಬರು ಭಾನುವಾರ ಬೆಳಿಗ್ಗೆ ಅವಲಹಳ್ಳಿ ಕಾಡಿಗೆ ಸೈಕಲ್‌ನಲ್ಲಿ ಹೋಗುತ್ತಾರೆಂದು ಗೊತ್ತಿತ್ತು. “ನಾನೂ ಬರ್ಲಾ ಸಾರ್?” ಎಂದೆ. ನನ್ನ ಬಾಲ ಹಿಡಿದು ಹಿಂದಿನ ಬೀದಿಯ ಗೆಳತಿಯೂ ಬಂದಳು. ಅವಳು ಮನೆಯಲ್ಲೇ ಮಿಷನ್ ಇಟ್ಟುಕೊಂಡು ಬಟ್ಟೆ ಹೊಲಿಯುವವಳು. ಮನೆಯವರ ಜೊತೆ ದಖನಿ ಉರ್ದು, ನನ್ನ ಜೊತೆ ಕನ್ನಡ, ಗಿರಾಕಿಗಳ ಜೊತೆ ಅವರವರ ಭಾಷೆ. ಹೀಗೆ ನಾವು ಮೂರು ಜನ. ಆರು ಗಂಟೆಗೆ ಅಲ್ಲಾಳಸಂದ್ರ ಕೆರೆಯ ಗೇಟಿನಲ್ಲಿ ಸೇರುವುದು, ಒಂಬತ್ತೂವರೆಯೊಳಗೆ ಮನೆ ಸೇರುವುದು.

ಮೇಷ್ಟ್ರು ಕೆಲಸದಿಂದ ನಿವೃತ್ತರಾಗಿದ್ದರು, ಮೇಷ್ಟರಗಿರಿಯಿಂದ ಆಗಿರಲಿಲ್ಲ. ಹೊರಡುವ ಮೊದಲು ನಮ್ಮಿಬ್ಬರನ್ನೂ ಸಾಲಾಗಿ ನಿಲ್ಲಿಸಿ ಬೆರಳಿನ ಗೆಣ್ಣಿನಿಂದ ಹೆಲ್ಮೆಟ್ಟಿನ ಮೇಲೆ ಟಕ್ ಟಕ್ ಎಂದು ಬಡಿಯುತ್ತಿದ್ದರು. “ಒಳಗೆ ತಲೆ ಇದ್ಯಾಮ್ಮಾ?” ಮೊದಲ ದಿನ ನನ್ನ ಹೆಲ್ಮೆಟ್ ಹಿಂದಕ್ಕೆ ವಾಲಿತ್ತು, ಒಳಗೆ ತುರುಬಿತ್ತಲ್ಲ. “ಹುಬ್ಬಿನ ಮೇಲೆ ಎರಡೇ ಬೆರಳು ಜಾಗ ಇರ್ಬೇಕು. ಇದು ಮದುವೆ ಗಂಡಿನ ಪೇಟ ಅಲ್ಲ, ವಾಲಿಸಿ ಇಟ್ಕೊಳೋಕೆ. ತುರುಬು ಬಿಚ್ಚಿ, ಜಡೆ ಹಾಕ್ಕೊಂಡು ಬಾ” ಎಂದರು. ಮರುವಾರದಿಂದ ಜಡೆ. ಆರ್.ಟಿ. ನಗರದ ಅಂಗಡಿಯಿಂದ ಮೊಣಕಾಲಿನ ಗಾರ್ಡು, ಮೊಣಕೈಯಿನ ಗಾರ್ಡು, ಕೈಗವಸು ತಂದೆ. ಮೊಣಕಾಲಿನದನ್ನು ತಲೆಕೆಳಗಾಗಿ ಕಟ್ಟಿಕೊಂಡು ಕೆರೆಯವರೆಗೂ ಹೋಗಿದ್ದೆ, ಯಾರೂ ಹೇಳಲಿಲ್ಲ. ಗೆಳತಿ ನನಗಿಂತ ಜಾಣೆ. ತಲೆಯ ಮೇಲಿನ ಸ್ಕಾರ್ಫು ಹೆಲ್ಮೆಟ್ಟಿನೊಳಗೆ ಮುದ್ದೆಯಾಗುತ್ತದೆಂದು ತೆಳುವಾದ ಬನಿಯನ್ ಬಟ್ಟೆಯಲ್ಲಿ ತಾನೇ ಒಂದು ಹೊಲಿದುಕೊಂಡಳು. ಕಿವಿ, ಕತ್ತು ಎಲ್ಲ ಮುಚ್ಚುತ್ತಿತ್ತು, ಹೆಲ್ಮೆಟ್ ಒಂದಿಷ್ಟೂ ಅಲುಗುತ್ತಿರಲಿಲ್ಲ. ಮೇಷ್ಟ್ರು ಅವಳನ್ನು ಹೊಗಳಿ, ಆ ಹೊಗಳಿಕೆಯಲ್ಲೇ ನನ್ನನ್ನು ಬೈದರು.

ಅವರ ಇನ್ನೊಂದು ಕಟ್ಟಳೆ: ಮೈಮೇಲೆ ಒಡವೆ ಇರಕೂಡದು. “ಉಂಗುರ ಇದ್ರೆ ಬೀಳೋವಾಗ ಬೆರಳು ಕೇಳುತ್ತೆ. ಸರ ಇದ್ರೆ ಕತ್ತು ಕೇಳುತ್ತೆ. ಬಳೆ ಮನೇಲಿ ಬಿಟ್ಟು ಬನ್ನಿ.” ಹೇಳಿದಷ್ಟು ಸುಲಭವಾಗಿರಲಿಲ್ಲ ಅದು. ನಮ್ಮ ಮನೆಯ ಗೇಟಿನಲ್ಲಿ ಬೆಳಿಗ್ಗೆ ಐದೂಮುಕ್ಕಾಲಿಗೆ ಅತ್ತೆ ನೀರು ಹಾಕಿ ರಂಗೋಲಿ ಬಿಡುತ್ತಿರುತ್ತಿದ್ದರು.

ಅತ್ತೆ ಕೋಗಿಲಿನ ಹಳೇ ಮನೆತನದವರು. ಈಗ ನಾಲ್ಕು ಬ್ಲಾಕಿನ ಅಪಾರ್ಟ್‌ಮೆಂಟ್ ಎದ್ದಿರುವ ಜಾಗದಲ್ಲಿ ಇವರ ದ್ರಾಕ್ಷಿ ತೋಟವಿತ್ತು. ಆ ಮಾತು ಬಂದಾಗಲೆಲ್ಲ ಮೂರನೆಯ ಬ್ಲಾಕಿನ ಲಿಫ್ಟಿನ ಕಡೆ ಕೈ ತೋರಿಸಿ “ಅಲ್ಲೇ ನಮ್ಮ ಬಾವಿ” ಎನ್ನುತ್ತಿದ್ದರು. ಮಾವ ಹೋಗಿ ಹದಿನೈದು ವರ್ಷವಾಗಿತ್ತು. ಆವತ್ತು ನಾಲ್ಕು ಜನ ಹೆಂಗಸರು ಸೇರಿ ಅತ್ತೆಯ ಬಳೆ ತೆಗೆದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಆಮೇಲೆ ಅವರ ಕೈಗೆ ಬಳೆ ಏರಲಿಲ್ಲ. ಅಂಥವರು ನಾನು ಸೈಕಲ್ ತೆಗೆದಾಗ ಮೇಲಿಂದ ಕೆಳಗೆ ನೋಡಿ ಹೇಳಿದ್ದು ಒಂದೇ ಮಾತು.

“ಓಗು. ಆದ್ರೆ ಬರಿಗೈಲಿ ಓಗ್ಬೇಡ ಕಣಮ್ಮ.”

ಅಷ್ಟೇ ಷರತ್ತು. ಜೀನ್ಸ್ ಪ್ಯಾಂಟಿಗೆ ಏನೂ ಅನ್ನಲಿಲ್ಲ, ಗಂಡಸು ಮೇಷ್ಟ್ರ ಜೊತೆ ಹೋಗುವುದಕ್ಕೂ ಏನೂ ಅನ್ನಲಿಲ್ಲ. ಬಳೆಯೊಂದು. ನನಗೆ ಒಳಗೊಳಗೇ ಸಿಟ್ಟು. ವಾರದ ಆರು ದಿನ ಆಫೀಸಿಗೆ ಗುಮಾಸ್ತೆ, ಮನೆಗೆ ಸೊಸೆ, ಗಂಡನಿಗೆ ಹೆಂಡತಿ. ಭಾನುವಾರದ ಆ ನಾಲ್ಕು ಗಂಟೆ ಮಾತ್ರ ನಾನು ಯಾರಿಗೂ ಏನೂ ಆಗಬೇಕಿರಲಿಲ್ಲ. ಅದು ತಪ್ಪಿಹೋದರೆ ಎಂದು ನೆನೆದರೇ ಅಳು ಬರುತ್ತಿತ್ತು. ಅತ್ತೆ ಒಂದು ಸಲ “ಬ್ಯಾಡ” ಎಂದರೆ ಮುಗಿಯಿತು, ಗಂಡ ಅವರ ಮಾತು ಮೀರುವವರಲ್ಲ. ಹಾಗಾಗಿ ಜಗಳ ಆಡಲಿಲ್ಲ, ಕಳ್ಳತನ ಮಾಡಿದೆ. ಕೈಗೆ ಎರಡೆರಡು ಚಿನ್ನದ ನೀರಿನ ಬಳೆ ಹಾಕಿಕೊಂಡು ಗೇಟು ದಾಟುವುದು, ಕೆರೆಯ ಹತ್ತಿರ ತೆಗೆದು ಪರ್ಸಿಗೆ ಹಾಕುವುದು, ಬರುವಾಗ ಮತ್ತೆ ಹಾಕಿಕೊಳ್ಳುವುದು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಒಂದು ವರ್ಷ ನಡೆಯಿತು.

ಆ ವರ್ಷದ ಚಿತ್ರಗಳು ಈಗಲೂ ಹಾಗೇ ಇವೆ. ದೊಡ್ಡಬಳ್ಳಾಪುರ ರಸ್ತೆಯ ಲಾರಿಗಳ ಗದ್ದಲ ಬಿಟ್ಟು ಎಡಕ್ಕೆ ತಿರುಗಿದ ಕೂಡಲೇ ನೀಲಗಿರಿ ಎಲೆಯ ವಾಸನೆ. ಕೆಂಪು ಮಣ್ಣಿನ ಸಣ್ಣ ಹಾದಿ. ಏರಿನಲ್ಲಿ ಮೇಷ್ಟ್ರು “ಗೇರ್ ಇಳ್ಸು, ಗೇರ್ ಇಳ್ಸು” ಎಂದು ಕೂಗುವುದು, ಇಳಿಜಾರಿನಲ್ಲಿ ಗೆಳತಿ ಮಕ್ಕಳ ಹಾಗೆ ಕಿರುಚುವುದು. ವಾಪಸ್ ಬರುವಾಗ ಯಲಹಂಕದಲ್ಲಿ ಹೆಲ್ಮೆಟ್‌ಗಳನ್ನು ಕಟ್ಟೆಯ ಮೇಲೆ ಬೋರಲು ಹಾಕಿ ತಟ್ಟೆ ಇಡ್ಲಿ ತಿನ್ನುವುದು. ಅಷ್ಟು ರುಚಿಯಾದ ಇಡ್ಲಿ ಆಮೇಲೆ ಎಲ್ಲೂ ಸಿಕ್ಕಿಲ್ಲ.

ಆಮೇಲೆ ಗೌರಿ ಹಬ್ಬ ಬಂತು. ಅತ್ತೆ ತಾವೇ ನನ್ನನ್ನು ಯಲಹಂಕದ ಬಳೆ ಅಂಗಡಿಗೆ ಕರೆದುಕೊಂಡು ಹೋದರು. ಒಳಗೆ ಬರಲಿಲ್ಲ. ಹೊಸ್ತಿಲಾಚೆ ನಿಂತು ಬೆರಳು ತೋರಿಸಿ ಬಣ್ಣ ಆರಿಸಿದರು. “ಅದಲ್ಲ, ಅದರ ಪಕ್ಕದ್ದು. ಗಿಣಿ ಅಸಿರು.” ಅಂಗಡಿಯಾಕೆ ನನ್ನ ಅಂಗೈಯನ್ನು ಹಿಟ್ಟು ನಾದಿದ ಹಾಗೆ ನಾದಿ ಎರಡೂ ಕೈಗೆ ಒಂದೊಂದು ಡಜನ್ ಗಾಜಿನ ಬಳೆ ಏರಿಸಿದಳು. ಬಿಗಿಯಾದಷ್ಟೂ ಲಕ್ಷಣ ಎಂಬುದು ನಮ್ಮ ಕಡೆಯ ನಂಬಿಕೆ. ಅತ್ತೆ ನನ್ನ ಕೈ ಹಿಡಿದು ಒಮ್ಮೆ ಅಲುಗಿಸಿ ಸದ್ದು ಕೇಳಿದರು. ಅವರ ಮುಖ ಅರಳಿದ್ದು ನೋಡಿ ನನಗೂ ಖುಷಿಯಾಯಿತು. ಮನೆಗೆ ಬಂದ ಮೇಲೆ ಸೈಕಲ್ ನೆನಪಾಯಿತು. ಇವು ತೆಗೆಯಲು ಬರುವ ಬಳೆಯಲ್ಲ. ಹಬ್ಬದ ಬಳೆ ತಾನಾಗಿ ಒಡೆಯುವವರೆಗೆ ಕೈಯಲ್ಲಿರಬೇಕು, ಬೇಕೆಂದು ಒಡೆಯುವ ಮಾತಂತೂ ಬಾಯಲ್ಲೂ ತರುವಂತಿಲ್ಲ. ಭಾನುವಾರಕ್ಕೆ ನಾಲ್ಕೇ ದಿನವಿತ್ತು.

ಹೋಗದೇ ಇರಬಹುದಿತ್ತು. ಆ ಬುದ್ಧಿ ಹೊಳೆಯಲಿಲ್ಲ. ಹೊಳೆದದ್ದು ಬೇರೆ. ಗಂಡನ ಎರಡು ಕರ್ಚೀಫು ತೆಗೆದುಕೊಂಡು ಒಂದೊಂದು ಕೈಯ ಬಳೆಗಳನ್ನೂ ಒತ್ತಾಗಿ ಸೇರಿಸಿ ಸುತ್ತಿ ಬಿಗಿದೆ. ಮೇಲೆ ಬಿಸಿಲಿಗೆಂದು ಹಾಕುವ ಕಪ್ಪು ತೋಳುಚೀಲ ಎಳೆದುಕೊಂಡೆ. ಅಲುಗಿಸಿ ನೋಡಿದೆ, ಕಿಂಚಿತ್ತೂ ಸದ್ದಿಲ್ಲ. ನನ್ನ ಜಾಣತನಕ್ಕೆ ನಾನೇ ಮೆಚ್ಚಿದೆ. ಗೇಟಿನಲ್ಲಿ ಅತ್ತೆ ಬಗ್ಗಿ ರಂಗೋಲಿ ಎಳೆಯುತ್ತಿದ್ದರು. ನಾನು ದಾಟುವಾಗ ತಲೆ ಎತ್ತಿ ನೋಡಿದರು, ಏನೋ ಹೇಳಲು ಬಾಯಿ ತೆರೆದ ಹಾಗಿತ್ತು, ಹೇಳಲಿಲ್ಲ. ಕೆರೆಯ ಹತ್ತಿರ ಮೇಷ್ಟ್ರು ಎಂದಿನಂತೆ ತಲೆ ಬಡಿದರು, ಮೊಣಕಾಲಿನ ಪಟ್ಟಿ ಎಳೆದು ನೋಡಿದರು. “ಬಳೆ?” ಎಂದರು. “ಮನೇಲಿ ಸಾರ್” ಎಂದೆ. ಗೆಳತಿ ಮಾತ್ರ ನನ್ನ ಮಣಿಕಟ್ಟು ನೋಡಿ “ಅಕ್ಕಾ, ಕೈ ಊದಿದ್ಯಾ?” ಎಂದಳು. “ನಡಿಯೇ ಸುಮ್ನೆ” ಎಂದು ಗದರಿದೆ.

ಹಿಂದಿನ ವಾರದ ಮಳೆ ಕಾಡಿನ ಹಾದಿಯ ನಡುವೆ ಒಂದು ಕೊರಕಲು ತೋಡಿತ್ತು. ಇಳಿಜಾರಿನಲ್ಲಿ ನನ್ನ ಮುಂದಿನ ಚಕ್ರ ಅದಕ್ಕೆ ಇಳಿದು ಕಚ್ಚಿಕೊಂಡಿತು. ಸೈಕಲ್ ನಿಂತಿತು, ನಾನು ನಿಲ್ಲಲಿಲ್ಲ. ಹ್ಯಾಂಡಲ್ ದಾಟಿ ಎಡಮಗ್ಗುಲಾಗಿ ಬಿದ್ದೆ. ಮೊದಲು ತಲೆ ಕಲ್ಲಿಗೆ ಬಡಿದ ಸದ್ದು, ಈಡುಗಾಯಿ ಒಡೆದ ಹಾಗೆ. ಆಮೇಲೆ ಮೊಣಕಾಲು, ಮೊಣಕೈ. ಎದ್ದು ಕೂತೆ. ತಲೆ ನೋಯುತ್ತಿರಲಿಲ್ಲ. ಮೊಣಕಾಲಿನ ಗಾರ್ಡು ಉಜ್ಜಿಹೋಗಿತ್ತು, ಒಳಗಿನ ಚರ್ಮಕ್ಕೆ ಗೀರೂ ಇರಲಿಲ್ಲ. ಏನೂ ಆಗಲಿಲ್ಲ ಎಂದು ನಗಲು ಹೊರಟೆ. ಎಡಗೈಯ ತೋಳುಚೀಲ ಬೆಚ್ಚಗಾಗಿ ಒದ್ದೆಯಾಗುತ್ತಿತ್ತು.

ಗೆಳತಿ ಓಡಿ ಬಂದು ತೋಳುಚೀಲ ಎಳೆದಳು, ಕರ್ಚೀಫು ಬಿಚ್ಚಿದಳು. “ಯಾ ಅಲ್ಲಾ” ಎಂದಷ್ಟೇ ಅಂದಳು. ನಾನು ಬಿಗಿದು ಕಟ್ಟಿದ್ದರಿಂದ ಒಡೆದ ಗಾಜು ಆಚೆಗೆ ಚೆಲ್ಲುವ ಬದಲು ಒಳಗೇ ನುಗ್ಗಿತ್ತು. ಮಣಿಕಟ್ಟಿನ ತುಂಬ ಹಸಿರು ಚೂರು. ಅವಳು ನೀರಿನ ಬಾಟಲಿ ಸುರಿದು, ಸಡಿಲವಾಗಿದ್ದ ಚೂರುಗಳನ್ನಷ್ಟೇ ತೆಗೆದು, ತನ್ನ ಬ್ಯಾಗಿನಲ್ಲಿದ್ದ ದುಪಟ್ಟಾ ಸುತ್ತಿದಳು.

ಕ್ಲಿನಿಕ್ಕಿನಲ್ಲಿ ಏಳು ಹೊಲಿಗೆ. “ಇನ್ನೊಂಚೂರು ಆಳಕ್ಕೆ ಹೋಗಿದ್ರೆ ಹೆಬ್ಬೆರಳು ಮಡಚೋಕೆ ಬರ್ತಿರ್ಲಿಲ್ಲ ಕಣಮ್ಮ” ಎಂದರು ಡಾಕ್ಟರು. ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಿರುಕು ಬಿಟ್ಟ ನನ್ನ ಹೆಲ್ಮೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿ, “ತಲೆಗೆ ಬಂದದ್ದು ಮುಂಡಾಸಿಗೆ ಹೋಯ್ತು. ನಾನು ಹೇಳಿದ್ರಲ್ಲಿ ನೀನು ಕೇಳಿದ್ದು ನಿನ್ನ ಉಳಿಸ್ತು, ಕೇಳದೇ ಇದ್ದದ್ದು ಕೊಯ್ತು” ಎಂದರು. “ಇದನ್ನ ಇನ್ನು ಹಾಕ್ಕೋಬೇಡ. ಒಂದ್ಸಲ ಪೆಟ್ಟು ತಿಂದ ಹೆಲ್ಮೆಟ್ಟಿನ ಕೆಲ್ಸ ಮುಗೀತು.”

ಕೈ ನೋವಿಗಿಂತ ಮನೆಯ ಭಯ ದೊಡ್ಡದಾಗಿತ್ತು. ಗಂಡ ಕೆಲಸದ ಮೇಲೆ ತುಮಕೂರಿಗೆ ಹೋಗಿದ್ದರು. ಅವರು ಊರಲ್ಲಿಲ್ಲದ ದಿನ, ಗೌರಿ ಹಬ್ಬದ ಹಸಿರು ಬಳೆ ಒಡೆದುಕೊಂಡು ಬರುವ ಸೊಸೆ. ಆಟೋದಲ್ಲಿ ದಾರಿಯುದ್ದಕ್ಕೂ ಸುಳ್ಳು ಹೊಸೆದೆ. “ಕೆರೆ ಗೇಟಿಗೆ ಕೈ ತಗುಲ್ತು ಅಂತೀನಿ” ಎಂದೆ. ಗೆಳತಿ “ಬೇಡ ಅಕ್ಕಾ. ಅವರು ದೊಡ್ಡೋರು, ಗೊತ್ತಾಗುತ್ತೆ” ಎಂದಳು.

ಅತ್ತೆ ಜಗಲಿಯ ಮೇಲೆ ಕೂತಿದ್ದರು. ಬ್ಯಾಂಡೇಜು ನೋಡಿ ಎದ್ದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಎಡಗೈ ಹಿಡಿದುಕೊಂಡು “ಬೆರಳು ಮಡ್ಚು” ಎಂದರು. ಮಡಚಿದೆ. “ಎಬ್ಬೆರಳು. ಇನ್ನೊಂದ್ಸಲ.” ಐದೂ ಬೆರಳು ಮಡಚಿ ಬಿಚ್ಚಿದ ಮೇಲೆ ಉಸಿರು ಬಿಟ್ಟು ಕೂತರು.

“ಅತ್ತೆ, ಬಳೆ…” ಎಂದೆ.

“ಗೇಟ್ ದಾಟ್ವಾಗ್ಲೇ ಗೊತ್ತಾತು. ಎಲ್ಡು ಡಜನ್ ಬಳೆ ಆಕ್ಕೊಂಡೋಳು ನಡದ್ರೆ ಒಂದ್ ಸದ್ದಿಲ್ಲ ಅಂದ್ರೆ ಏನ್ ಮಾಡ್ಕೊಂಡಿದೀಯ ಅಂತ ನಂಗೆ ತಿಳಿಯಾಕಿಲ್ವಾ? ನಾನೂ ಇಂಗೇ ಬಟ್ಟೆ ಸುತ್ತಿದ್ದೆ.”

ತಮ್ಮ ಬಲ ಮಣಿಕಟ್ಟು ಮುಂದೆ ಚಾಚಿದರು. ಒಳಮಗ್ಗುಲಲ್ಲಿ ಬೆಳ್ಳಗಿನ ಉದ್ದ ಗೆರೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನಾನು ಅದನ್ನು ನೋಡಿರಲಿಲ್ಲ. ದ್ರಾಕ್ಷಿ ಚಪ್ಪರದಲ್ಲಿ ಕಡ್ಡಿ ಕತ್ತರಿಸುವಾಗ ಬಳೆ ತಂತಿಗೆ ಸಿಕ್ಕಿಕೊಳ್ಳುತ್ತದೆಂದು ಸೀರೆಯ ಹರಕು ಸುತ್ತಿಕೊಂಡಿದ್ದರಂತೆ. ಹೊಸ ಸೊಸೆ, ಹತ್ತೊಂಬತ್ತು ವಯಸ್ಸು. ಕಲ್ಲುಕಂಬದ ಮೇಲಿಂದ ಜಾರಿ ಬಿದ್ದರಂತೆ.

“ನಮ್ಮತ್ತೆ ನನ್ನ ಗಾಯ ನೋಡ್ಲಿಲ್ಲ ಕಣಮ್ಮ. ಎಷ್ಟು ಬಳೆ ಒಡೀತು ಅಂತ ಎಣಿಸ್ತು.” ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡರು. “ಬೆಳಿಗ್ಗೆ ನಾನು ಕರ್ದು ಯೋಳ್ಬೇಕಾಗಿತ್ತು. ನಮ್ಮತ್ತೆ ತರ ಆಗ್ಬಾರ್ದು ಅಂತ ಬಾಯ್ ಮುಚ್ಕೊಂಡೆ. ಅದ್ಕೂ ಇದೇ ಆತು.”

ನಾನು ಅವರ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಮದುವೆಯಾಗಿ ಹತ್ತೊಂಬತ್ತು ವರ್ಷಕ್ಕೆ ಅದೇ ಮೊದಲು. ಅವರ ಬಗ್ಗೆ ನಾನು ಎಷ್ಟು ಕೆಟ್ಟದಾಗಿ ಯೋಚಿಸಿದ್ದೆ ಎಂದು ನಾಚಿಕೆಯಾಯಿತು.

ಅವರು ಎದ್ದು ಒಳಗೆ ಹೋಗಿ ಬೆಳಗಿನ ಹಾಲಿನ ಕವರು ತಂದರು. ತೊಳೆದದ್ದು, ಎರಡೂ ಕಡೆ ಕತ್ತರಿಸಿದ್ದು. ನನ್ನ ಬಲಗೈಯ ಬೆರಳುಗಳನ್ನು ಕೂಡಿಸಿ ಕವರನ್ನು ಮಣಿಕಟ್ಟಿನವರೆಗೆ, ಬಳೆಗಳ ಒಳಗೆ ತೂರಿಸಿದರು. ಆಮೇಲೆ ಒಂದೊಂದೇ ಬಳೆ ಆ ನುಣುಪಿನ ಮೇಲೆ ಜಾರಿಸಿದರು. ಹನ್ನೆರಡೂ ಬಂದವು, ಒಂದೂ ಒಡೆಯಲಿಲ್ಲ, ಒಂಚೂರೂ ನೋಯಲಿಲ್ಲ.

“ಒಂದ್ ಮಾತು ಕೇಳಿದ್ರೆ ನಾನೇ ತಗ್ದು ಕೊಡ್ತಿದ್ದೆ” ಎಂದರು.

“ನೀವೇ ಬರಿಗೈಲಿ ಹೋಗ್ಬೇಡ ಅಂದಿದ್ರಿ.”

“ಊರೊಳಗೆ ಓಗ್ಬೇಡ ಅಂದೆ. ಬೀಳಕ್ ಓಗೋಳ್ಗೆ ಅಂದ್ನಾ?”

ಭಾನುವಾರ ಉಳಿಯಿತು. ಹೊಲಿಗೆ ಬಿಚ್ಚಿ, ಗಾಯ ಮಾಗಿ, ದೀಪಾವಳಿಗೆ ಅತ್ತೆ ಎಡಗೈಗೆ ಅದೇ ಗಿಣಿ ಹಸಿರಿನ ಇನ್ನೊಂದು ಡಜನ್ ಕೊಡಿಸಿದರು. ಹೊಸ ಹೆಲ್ಮೆಟ್ ಬಂತು. ಹಳೆಯದನ್ನು ಅತ್ತೆ ಎಸೆಯಲು ಬಿಡದೆ ಮಣ್ಣು ತುಂಬಿ ದೊಡ್ಡಪತ್ರೆ ನೆಟ್ಟರು. ತೂತುಗಳಿಂದ ನೀರು ಬಸಿದು ಗಿಡ ಸೊಗಸಾಗಿ ಬಂತು. ಹೊಸ ಪದ್ಧತಿಯೂ ಶುರುವಾಯಿತು. ಐದೂವರೆಗೆ ನಾನು ಜಗಲಿಯ ಮೇಲೆ ಕೂರುವುದು, ಅತ್ತೆ ಕವರು ತೊಡಿಸಿ ಬಳೆ ತೆಗೆದು ಹಿತ್ತಾಳೆ ತಟ್ಟೆಯಲ್ಲಿ ದೇವರ ಗೂಡಿನ ಮುಂದಿಡುವುದು, ಬಳಿಕ ತಾವೇ ನನ್ನ ಕೈಗವಸಿನ ಪಟ್ಟಿ ಎಳೆದು ಬಿಗಿ ಮಾಡುವುದು. ಮೇಷ್ಟ್ರ ಹಾಗೆ ಹೆಲ್ಮೆಟ್ ಬಡಿಯುವುದನ್ನೂ ಕಲಿತರು. ನಾನು ಬಂದ ಮೇಲೆ ಮತ್ತೆ ಕವರು, ಮತ್ತೆ ಬಳೆ.

ಡಿಸೆಂಬರಿನ ಒಂದು ಭಾನುವಾರ ಕೆರೆಯ ಮೇಲೆ ದಟ್ಟ ಮಂಜು. ಹತ್ತು ಅಡಿ ಮುಂದೆ ಕಾಣುತ್ತಿರಲಿಲ್ಲ. ಮೇಷ್ಟ್ರು “ಇವತ್ತು ಬೇಡ, ಮನೆಗೆ ಹೋಗಿ ಮಲ್ಕೊಳ್ಳಿ” ಎಂದರು. ನಾನು ಏಳು ಗಂಟೆಗೆಲ್ಲ ನಮ್ಮ ಬೀದಿಗೆ ವಾಪಸ್. ಗೇಟಿನ ಹತ್ತಿರ ಸೈಕಲ್ ಇಳಿದಾಗ ಒಳಗಿಂದ ಬಳೆಯ ಸದ್ದು ಕೇಳಿತು.

ಜಗಲಿಯ ಮೇಲೆ ಅತ್ತೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಎರಡೂ ಕೈಯಲ್ಲಿ ನನ್ನ ಹಸಿರು ಬಳೆ. ಒಂದು ಕಾಯಿ ಸುಲಿದರೆ ಒಂದು ಸಲ ಸದ್ದು. ನಾಲ್ಕು ಕಾಯಿ ಸುಲಿದು ಕೈ ಮೇಲೆತ್ತಿದರು, ಸಣಕಲಾದ ಕೈಯ ಮೇಲೆ ಬಳೆಗಳು ಗಲಗಲ ಎಂದು ಮೊಣಕೈಯವರೆಗೆ ಜಾರಿದವು, ಇಳಿಸಿದರು, ಮತ್ತೆ ಮಣಿಕಟ್ಟಿಗೆ ಬಂದವು. ಇನ್ನೊಮ್ಮೆ ಎತ್ತಿದರು. ಅವರ ಮುಖದಲ್ಲಿ ಅವತ್ತು ಅಂಗಡಿಯ ಹೊಸ್ತಿಲಾಚೆ ನಿಂತು ಬಣ್ಣ ಆರಿಸುವಾಗಿನ ಅದೇ ಕಳೆ ಇತ್ತು. ಬಳೆಯ ಮೇಲೇ ಕಣ್ಣಿಟ್ಟಿದ್ದ ಅವರು ಮಂಜಿನಲ್ಲಿ ನಿಂತ ನನ್ನನ್ನು ನೋಡಲಿಲ್ಲ.

ಗೇಟಿನ ಚಿಲಕದ ಮೇಲಿಟ್ಟ ಕೈ ತೆಗೆದೆ. ಚಕ್ರ ಕಿರುಗುಟ್ಟದ ಹಾಗೆ ಸೈಕಲ್ಲನ್ನು ಎತ್ತಿ ತಿರುಗಿಸಿಕೊಂಡು ಕೆರೆಗೆ ವಾಪಸ್ ಹೋದೆ. ಕಲ್ಲುಬೆಂಚಿನ ಮೇಲೆ ಹೆಲ್ಮೆಟ್ಟನ್ನೂ ತೆಗೆಯದೆ ಒಂಬತ್ತೂವರೆಯವರೆಗೆ ಕೂತಿದ್ದೆ. ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಬೀದಿಯ ತಿರುವಿನಲ್ಲೇ ಎರಡು ಸಲ ಜೋರಾಗಿ ಬೆಲ್ ಮಾಡಿ ಬಂದೆ. ಬಳೆ ತಟ್ಟೆಯಲ್ಲಿದ್ದವು. ಅತ್ತೆ ಕವರು ಹಿಡಿದುಕೊಂಡು “ಕೈಯೆಲ್ಲ ಮಂಜುಗಡ್ಡೆ ಆಗದಲ್ಲ” ಎಂದು ಬೈದರು. ಅವರ ಕೈಯಿಂದ ಬಂದ ಬಳೆ ಇನ್ನೂ ಬೆಚ್ಚಗಿದ್ದವು.

ಆಮೇಲೆ ಎಷ್ಟೋ ಭಾನುವಾರ ಬಂದವು. ಬೇಗ ಮುಗಿದ ದಿನವೂ ನಾನು ಒಂಬತ್ತೂವರೆಗೆ ಮುಂಚೆ ಮನೆಗೆ ಬರಲಿಲ್ಲ, ತಿರುವಿನಲ್ಲಿ ಬೆಲ್ ಮಾಡದೆ ಬರಲಿಲ್ಲ. ಈ ವಿಷಯ ನಾವಿಬ್ಬರೂ ಒಂದು ಸಲವೂ ಎತ್ತಲಿಲ್ಲ.

ಅತ್ತೆ ಹೋಗಿ ಎರಡು ವರ್ಷವಾಯಿತು. ಈಗ ಕವರು ನಾನೇ ತೊಡುತ್ತೇನೆ, ಒಂದು ಕೈಯಲ್ಲಿ ಕಷ್ಟ, ಆದರೂ ರೂಢಿಯಾಗಿದೆ. ಹೊಸಬರು ಯಾರಾದರೂ ಬಳೆ ಹಾಕಿಕೊಂಡೇ ಬಂದರೆ ಇರಲಿ ಎಂದು ಇನ್ನೊಂದು ಕವರು ಸೀಟಿನ ಚೀಲದಲ್ಲಿರುತ್ತದೆ. ಹೆಲ್ಮೆಟ್ ಹಾಕಿ, ಹುಬ್ಬಿನ ಮೇಲೆ ಎರಡು ಬೆರಳು ಇಟ್ಟು ನೋಡಿ, ಗಾರ್ಡು ಕಟ್ಟಿ ಹೊರಡುತ್ತೇನೆ. ತಟ್ಟೆಯ ಬಳೆಗಳನ್ನು ಈಗ ಯಾರೂ ಮುಟ್ಟುವುದಿಲ್ಲ, ನಾನು ಯಾವಾಗ ಬೇಕಾದರೂ ಬರಬಹುದು. ಆದರೂ ವಾಪಸ್ ಬರುವಾಗ ತಿರುವಿನಲ್ಲಿ ಎರಡು ಸಲ ಬೆಲ್ ಮಾಡಿ, ಸ್ವಲ್ಪ ಹೊತ್ತು ನಿಂತು, ಆಮೇಲೆ ಗೇಟು ತೆಗೆಯುತ್ತೇನೆ.